ಹಿತ್ತಾಳೆಯ ಕೊರಳು, ಉಕ್ಕಿನ ಬಳೆ

ಬ್ರಿಟಿಷರ ಆಳಿಕೆಯ ಕಾಲದಲ್ಲಿ ಭಾರತದ ಸೈನ್ಯವು ಮಳೆಗಾಲ ಹಿಡಿದೊಡನೆ ತನ್ನ ಕಾರ್ಯಾಚರಣೆಗಳನ್ನು ತಗ್ಗಿಸಿ, ಮದ್ದುಗುಂಡಿನ ಪೆಟ್ಟಿಗೆಗಳನ್ನು ಕುದುರೆಲಾಯಗಳಲ್ಲಿ ಇರಿಸಿ, ಬಿಸಿಲು ಬಂದ ಮೇಲೆ ಅವನ್ನು ತೆರೆದು ನೋಡಿದಾಗ, ಯಾರ ಕೈಯೂ ಸೋಕದೆ ಬಿದ್ದಿದ್ದ ಎಷ್ಟೋ ತೋಟಾಗಳ ಹಿತ್ತಾಳೆಯ ಕೋಶಗಳು ತಮ್ಮಷ್ಟಕ್ಕೆ ತಾವೇ ಸೀಳಿಹೋಗಿರುತ್ತಿದ್ದುವು. ಸೀಳು ಕಾಣಿಸುತ್ತಿದ್ದುದು ವಿಶೇಷವಾಗಿ ಗುಂಡನ್ನು ಬಿಗಿಹಿಡಿದಿರುವ ಭಾಗದಲ್ಲಿ. ಮಳೆಗಾಲವೊಂದರಲ್ಲಿಯೇ ಹುಟ್ಟುವಂತೆ ತೋರಿದ ಈ ವ್ಯಾಧಿಗೆ ಋತುವಿನ ಬಿರುಕೆಂದೇ ಹೆಸರು ನಿಂತಿತು. ಅದರ ಕಾರಣವನ್ನು ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು 1921ರಲ್ಲಿ ವಿವರಿಸಿದರು: ಕುದುರೆಗಳ ಮೂತ್ರದಿಂದ ಹೊರಟ ಅಮೋನಿಯಾ ಒಂದು ಕಡೆ, ತಣ್ಣಗಿರುವಾಗಲೇ ಎಳೆದು ಅದುಮಿದ ಲೋಹದೊಳಗೆ ಉಳಿದುಕೊಂಡ ಒತ್ತಡ ಇನ್ನೊಂದು ಕಡೆ, ಇವೆರಡೂ ಕೂಡಿದ ಸ್ಥಳದಲ್ಲಿ ಹಿತ್ತಾಳೆ ಬಿರಿಯುತ್ತದೆ. ಹದವಾದ ಶಾಖದಲ್ಲಿ ಕೋಶವನ್ನು ಕಾಯಿಸಿ ಆ ಒತ್ತಡವನ್ನು ಇಳಿಸುವುದೇ ಅದಕ್ಕೆ ಪರಿಹಾರವಾಯಿತು.

ಈ ವೃತ್ತಾಂತವನ್ನು ಮೊದಲು ಹೇಳಿದುದಕ್ಕೆ ಕಾರಣವಿದೆ. ತೋಟಾದ ಕೊರಳು ನೋಡುವವರಿಗೆ ನಿಶ್ಚಲವಾದ ಒಂದು ಕೊಳವೆಯಾದರೂ, ವಾಸ್ತವದಲ್ಲಿ ಅದು ಸದಾ ದುಡಿಯುತ್ತಿರುವ ಒಂದು ಹಿಡಿತ. ತನಗಿಂತ ಎಳ್ಳಷ್ಟು ದಪ್ಪನಾದ ಗುಂಡನ್ನು ಒಳಕ್ಕೆ ಬರಮಾಡಿಕೊಂಡು, ಹಿಗ್ಗಿ, ಮತ್ತೆ ಕುಗ್ಗಲು ಹವಣಿಸುತ್ತ, ಆ ಹವಣಿಕೆಯಿಂದಲೇ ಗುಂಡನ್ನು ನಿಲ್ಲಿಸಿಕೊಂಡಿರುವ ಲೋಹಖಂಡ. ಆ ಹಿಡಿತ ಎಷ್ಟಿರಬೇಕು, ಎಲ್ಲ ತೋಟಾಗಳಲ್ಲಿಯೂ ಅದನ್ನು ಸಮವಾಗಿಸುವ ಬಗೆ ಹೇಗೆ, ಅದಕ್ಕೆ ಯಾವ ಡೈ, ಆ ಡೈಯೊಳಗೆ ಎಷ್ಟು ವ್ಯಾಸದ ಉಕ್ಕಿನ ಬಳೆ ಎಂಬುದು ದೂರದ ಗುರಿಗೆ ಹೊಡೆಯುವ ರೈಫಲುಗಾರರ ನಿತ್ಯಚಿಂತೆಯಾಗಿದೆ. ವಿಷಯವು ಮೇಲ್ನೋಟಕ್ಕೆ ಅಲ್ಪವೆಂದು ಕಂಡೀತು. ಆದರೆ ಲೋಹದ ಸ್ವಭಾವವನ್ನು ಅರಿಯದೆ ಇಲ್ಲಿ ಒಂದು ಹೆಜ್ಜೆಯನ್ನೂ ಇಡಲಾಗದು. ಕೋವಿಯನ್ನು ಕೈಯಿಂದ ಮುಟ್ಟದವರಿಗೂ ಈ ವಿಷಯ ರುಚಿಸುವುದು ಆ ಕಾರಣದಿಂದಲೇ.

ನಮ್ಮ ದೇಶದಲ್ಲಿ ಈ ಕಲೆಗೆ ಎಡೆ ಕಡಮೆ. 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವಂತಿಲ್ಲ. ನಮ್ಮ ಸ್ಪರ್ಧಾಳುಗಳು ಹೆಚ್ಚಾಗಿ ಬಳಸುವುದು ಗಾಳಿಕೋವಿಯನ್ನು, ಇಲ್ಲವೆ ಪಾಯಿಂಟ್ 22 ವ್ಯಾಸದ ಸಣ್ಣ ತೋಟಾವನ್ನು. ಆ ಸಣ್ಣ ತೋಟಾದಲ್ಲಿ ಕಿಡಿಕೊಡುವ ಮಸಾಲೆ ಅಂಚಿನ ಮಡಿಕೆಯೊಳಗೇ ಇರುವುದರಿಂದ, ಒಮ್ಮೆ ಹೊಡೆದ ಕೋಶವನ್ನು ಮರಳಿ ತುಂಬುವ ಮಾತೇ ಇಲ್ಲ. ಕಿಡಿಕೊಡುವ ಪ್ರೈಮರು ತಳದ ನಡುವಿನಲ್ಲಿ ಪ್ರತ್ಯೇಕವಾಗಿ ಕೂರುವ ದೊಡ್ಡ ತೋಟಾಗಳ ವಿಷಯವೇ ಬೇರೆ. ಹೊಡೆದ ಮೇಲೆ ಹಳೆಯ ಪ್ರೈಮರನ್ನು ಕಳೆದು, ಕೋಶವನ್ನು ಅಳತೆಗೆ ತಂದು, ಹೊಸ ಪ್ರೈಮರು, ಮದ್ದು, ಗುಂಡುಗಳನ್ನು ಕೂಡಿಸಿದರೆ ಅದೇ ಕೋಶವು ಮತ್ತೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು ಮನೆಯ ಹಿಂಬದಿಯ ಕೋಣೆಯಲ್ಲಿ, ಮೇಜಿಗೆ ಬಿಗಿದ ಒಂದು ಕೈಪ್ರೆಸ್ಸಿನ ಮುಂದೆ ನಡೆಯುವ ಗೃಹೋದ್ಯಮವೆಂದರೂ ಸಲ್ಲುತ್ತದೆ. ಹಣದ ಉಳಿತಾಯಕ್ಕಾಗಿ ಇದನ್ನು ಮಾಡುವವರುಂಟು. ನಾನು ಹೇಳಹೊರಟಿರುವುದು ನಿಖರತೆಗಾಗಿ ಮಾಡುವವರ ಸಂಗತಿ.

ಆ ನಿಖರತೆಯ ಶಾಸ್ತ್ರಕ್ಕೆ ಆದ್ಯರೆನ್ನಬಹುದಾದವರು ಮ್ಯಾಸಚೂಸೆಟ್ಸಿನ ಮಿಲ್‌ಫರ್ಡಿನ ವೈದ್ಯ ಫ್ರ್ಯಾಂಕ್ಲಿನ್ ಮ್ಯಾನ್. ಗುಂಡು ಒಂದೇ ರಂಧ್ರದಲ್ಲಿ ಹೋಗದೆ ಚದರುವುದೇಕೆಂಬ ಒಂದೇ ಪ್ರಶ್ನೆಯನ್ನು ಹಿಡಿದು ದಶಕಗಳ ಕಾಲ ಪ್ರಯೋಗ ನಡೆಸಿ, ಅದರ ಫಲವನ್ನು 1909ರಲ್ಲಿ ಅವರು ಗ್ರಂಥವಾಗಿ ಪ್ರಕಟಿಸಿದರು. ಎರಡನೆಯ ಮಹಾಯುದ್ಧದ ತರುವಾಯ, ರೈಫಲನ್ನು ಮೇಜಿನ ಮೇಲೆ ಮರಳುಚೀಲಗಳ ಆಸರೆಯಲ್ಲಿಟ್ಟು, ಮನುಷ್ಯನ ನಡುಕವನ್ನು ಆದಷ್ಟು ದೂರಮಾಡಿ ಹೊಡೆಯುವ ಬೆಂಚ್‌ರೆಸ್ಟ್ ಎಂಬ ಸ್ಪರ್ಧಾಕ್ರಮವು ಅಲ್ಲಿ ಬಲಗೊಂಡಿತು. 1975ರ ಸುಮಾರಿಗೆ ವೈದ್ಯ ಲೂ ಪಾಮಿಸಾನೋ ಮತ್ತು ಡೈ ತಯಾರಿಕೆಯಲ್ಲಿ ನುರಿತ ಫೆರಿಸ್ ಪಿಂಡೆಲ್ ಜೊತೆಗೂಡಿ, 220 ರಷ್ಯನ್ ಎಂಬ ಚಿಕ್ಕ ಕೋಶವನ್ನು ತಿದ್ದಿ, 6 ಮಿಲಿಮೀಟರಿನ ಪಿಪಿಸಿ ತೋಟಾವನ್ನು ನಿರ್ಮಿಸಿದರು. ಇಂದಿಗೂ ನೂರು ಗಜದಲ್ಲಿ ಐದು ಗುಂಡುಗಳ ಗುಂಪುಗಳ ಸರಾಸರಿಯನ್ನು 0.2 ಅಂಗುಲಕ್ಕಿಂತ ಕೆಳಗೆ ಇಳಿಸುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಒಬ್ಬ ವೈದ್ಯ, ಒಬ್ಬ ಡೈ ಕುಶಲಿ: ಈ ಜೋಡಿ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ದ್ರವ್ಯದ ಸ್ವಭಾವವನ್ನು ತಾಳ್ಮೆಯಿಂದ ಗಮನಿಸುವ ಕಣ್ಣು, ಆ ಗಮನಕ್ಕೆ ತಕ್ಕಂತೆ ಉಕ್ಕನ್ನು ಕೊರೆಯಬಲ್ಲ ಕೈ, ಎರಡೂ ಕೂಡದೆ ಈ ವಿದ್ಯೆ ಸಿದ್ಧಿಸದು.

ಈಗ ಲೋಹದ ಮಾತಿಗೆ ಬರೋಣ. ಕೋಶದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಈ ಪ್ರಮಾಣದ ಮಿಶ್ರಣವು ತಣ್ಣಗಿರುವಾಗಲೂ ಎಳೆದಷ್ಟು ಎಳೆಯಿಸಿಕೊಳ್ಳುವ ಗುಣವುಳ್ಳದ್ದಾಗಿದ್ದು, ಹಾಗೆ ಎಳೆದಂತೆಲ್ಲ, ಅದುಮಿದಂತೆಲ್ಲ ಗಡುಸಾಗುತ್ತ ಹೋಗುತ್ತದೆ. ರೈಫಲು ಸಿಡಿದ ಕ್ಷಣದಲ್ಲಿ ಒಳಗಿನ ಅನಿಲವು ಕೋಶವನ್ನು ಚೇಂಬರಿನ, ಎಂದರೆ ನಳಿಗೆಯಲ್ಲಿ ತೋಟಾ ಕೂರುವ ಗೂಡಿನ, ಗೋಡೆಗೆ ಒತ್ತುತ್ತದೆ, 6.5 ಕ್ರೀಡ್‌ಮೂರ್ ಎಂಬ, 2007ರಲ್ಲಿ ಹಾರ್ನಡಿ ಕಾರ್ಖಾನೆಯವರು ಹೊರತಂದು ಈಗ ಬಹುಜನಪ್ರಿಯವಾಗಿರುವ ತೋಟಾದಲ್ಲಿ ಆ ಒತ್ತಡದ ಮೇಲ್ಮಿತಿಯು ಚದರ ಅಂಗುಲಕ್ಕೆ 62,000 ಪೌಂಡು. ಗೋಡೆಗೆ ಒತ್ತಿಕೊಂಡ ಹಿತ್ತಾಳೆಯು ತನ್ನ ಸ್ಥಿತಿಸ್ಥಾಪಕತ್ವದಿಂದ ಕಿಂಚಿತ್ತು ಹಿಂದಕ್ಕೆ ಸರಿಯುವುದರಿಂದಲೇ ಖಾಲಿ ಕೋಶವು ಸಲೀಸಾಗಿ ಹೊರಬರುತ್ತದೆ. ಆದರೆ ಸರಿಯುವುದು ಕಿಂಚಿತ್ತು ಮಾತ್ರ. ಹಿಗ್ಗಿದ ಕೊರಳೊಳಗೆ ಹೊಸ ಗುಂಡು ನಿಲ್ಲದೆ ಜಾರಿಬೀಳುತ್ತದೆ. ಅದನ್ನು ಮರಳಿ ಕುಗ್ಗಿಸುವ ಉಕ್ಕಿನ ಅಚ್ಚಿಗೆ ಡೈ ಎಂದು ಹೆಸರು.

ಸಾಮಾನ್ಯವಾದ ಡೈಯೊಂದನ್ನು ಮಾಡುವ ಕಾರ್ಖಾನೆಗೆ ಒಂದು ಧರ್ಮಸಂಕಟವಿದೆ. ಕೊಳ್ಳುವವನ ಹಿತ್ತಾಳೆಯ ಗೋಡೆ ದಪ್ಪವೋ ತೆಳುವೋ ಅವರಿಗೆ ತಿಳಿಯದು. ಅತ್ಯಂತ ತೆಳುವಾದ ಕೊರಳೂ ಗುಂಡನ್ನು ಹಿಡಿಯುವಂತಾಗಬೇಕಾದರೆ, ಎಲ್ಲರ ಕೊರಳನ್ನೂ ಬೇಕಾದುದಕ್ಕಿಂತ ಬಹಳ ಹೆಚ್ಚಾಗಿ ಕುಗ್ಗಿಸಲೇಬೇಕು. ಆದುದರಿಂದ ಡೈಯ ಕೊರಳುಭಾಗವನ್ನು ಕಿರಿದಾಗಿ ಕೊರೆದು, ನಡುವಿನ ಕಂಬಿಯ ಮೇಲೊಂದು ಉಕ್ಕಿನ ಗುಂಡಿಯನ್ನಿಟ್ಟು, ಕೋಶವು ಹೊರಬರುವಾಗ ಆ ಗುಂಡಿ ಒಳಗಿನಿಂದ ಕೊರಳನ್ನು ಮತ್ತೆ ಹಿಗ್ಗಿಸುವಂತೆ ಅವರು ಏರ್ಪಡಿಸುತ್ತಾರೆ. ಕಾರ್ಯವೇನೋ ಆಗುತ್ತದೆ. ಆದರೆ ಕೊರಳು ಮೊದಲು ಎಂಟು ಹತ್ತು ಥೌ ಕುಗ್ಗಿ (ಥೌ ಎಂದರೆ ನಮ್ಮ ಪೀಣ್ಯದ ಲೇತು ಕೆಲಸಗಾರರಿಗೆ ಚಿರಪರಿಚಿತವಾದ, ಅಂಗುಲದ ಸಾವಿರದಲ್ಲೊಂದು ಪಾಲು) ಮರುಕ್ಷಣವೇ ನಾಲ್ಕೈದು ಥೌ ಹಿಗ್ಗಿ, ಒಂದೇ ಸಲಕ್ಕೆ ಎರಡು ವಿರುದ್ಧವಾದ ಹಿಂಸೆಗಳನ್ನು ಅನುಭವಿಸುತ್ತದೆ. ಹಿತ್ತಾಳೆ ಬೇಗ ಗಡುಸಾಗುತ್ತದೆ. ಗುಂಡಿಯ ಎಳೆತಕ್ಕೆ ಕೊರಳು ಉದ್ದವಾಗುತ್ತದೆ. ಎಳೆತವು ತುಸು ಓರೆಯಾದರೂ ಸಾಕು, ಕೊರಳು ಕೋಶದ ಅಕ್ಷದಿಂದ ಪಕ್ಕಕ್ಕೆ ಬಾಗುತ್ತದೆ. ಬಾಗಿದ ಕೊರಳಲ್ಲಿ ಕೂತ ಗುಂಡು ನಳಿಗೆಯ ಗೀರುಗಳನ್ನು ನೇರವಾಗಿ ಹೊಗಲಾರದು.

ಇದಕ್ಕೆ ಕಂಡುಕೊಂಡ ಸಮಾಧಾನವೇ ಬುಶಿಂಗ್ ಡೈ. ಇದರಲ್ಲಿ ಕೊರಳನ್ನು ಕುಗ್ಗಿಸುವ ಭಾಗವು ಡೈಯ ಅವಿಭಾಜ್ಯ ಅಂಗವಾಗಿರದೆ, ಬೇಕಾದಾಗ ಬದಲಾಯಿಸಬಹುದಾದ ಒಂದು ಗಟ್ಟಿ ಉಕ್ಕಿನ ಬಳೆಯಾಗಿರುತ್ತದೆ. ನ್ಯೂಯಾರ್ಕ್ ಸಂಸ್ಥಾನದ ಕಾರ್ಟ್‌ಲ್ಯಾಂಡಿನ ರೆಡಿಂಗ್, ವಾಷಿಂಗ್ಟನ್ ಸಂಸ್ಥಾನದ ಕ್ಯಾಶ್‌ಮಿಯರಿನ ವಿಲ್ಸನ್ ಮೊದಲಾದ ತಯಾರಕರು ಈ ಬಳೆಗಳನ್ನು ಒಂದೊಂದು ಥೌ ಅಂತರದಲ್ಲಿ, ಒಳವ್ಯಾಸವನ್ನು ಅಂಚಿನ ಮೇಲೆ ಕೆತ್ತಿ ಮಾರುತ್ತಾರೆ. ಕೆಲವಕ್ಕೆ ಟೈಟೇನಿಯಂ ನೈಟ್ರೈಡಿನ ಹೊಂಬಣ್ಣದ ಲೇಪವಿದ್ದು, ಅದರಿಂದ ಹಿತ್ತಾಳೆಯೊಡನೆ ಘರ್ಷಣೆ ತಗ್ಗುತ್ತದೆ. ಬೇರೆ ಬೇರೆ ದಪ್ಪದ ಹಿತ್ತಾಳೆಗೆ ಬೇರೆ ಬೇರೆ ಬಳೆ. ಕಾರ್ಖಾನೆಯ ಧರ್ಮಸಂಕಟವು ಹೀಗೆ ಬಳಸುವವನ ವಿವೇಚನೆಗೆ ವರ್ಗವಾಗುತ್ತದೆ. ಸ್ವಾತಂತ್ರ್ಯದೊಡನೆ ಹೊಣೆಯೂ ಬಂದಿತಷ್ಟೆ. ಎಷ್ಟು ವ್ಯಾಸದ ಬಳೆ ಬೇಕೆಂಬುದನ್ನು ಇನ್ನು ಅವನೇ ನಿರ್ಣಯಿಸತಕ್ಕದ್ದು.

ನಿರ್ಣಯದ ಕ್ರಮ ಹೀಗಿದೆ. ತಾನು ಬಳಸಲಿರುವ ಹಿತ್ತಾಳೆಯಲ್ಲಿ, ತಾನು ಬಳಸಲಿರುವ ಗುಂಡನ್ನು ಕೂರಿಸಿ, ಸಿದ್ಧವಾದ ತೋಟಾದ ಕೊರಳಿನ ಹೊರವ್ಯಾಸವನ್ನು ಅಳೆಯಬೇಕು. ಲೆಕ್ಕದಿಂದಲೂ ಇದನ್ನು ಕಾಣಬಹುದು: ಗುಂಡಿನ ವ್ಯಾಸಕ್ಕೆ ಗೋಡೆಯ ದಪ್ಪದ ಎರಡರಷ್ಟನ್ನು ಕೂಡಿಸಿದರಾಯಿತು. ಮೇಲೆ ಹೇಳಿದ 6.5 ಕ್ರೀಡ್‌ಮೂರನ್ನೇ ತೆಗೆದುಕೊಳ್ಳೋಣ. ಗುಂಡಿನ ವ್ಯಾಸ 0.264 ಅಂಗುಲ, ಗೋಡೆಯ ದಪ್ಪ 0.0145 ಅಂಗುಲವಿದೆ ಎಂದಿಟ್ಟುಕೊಂಡರೆ ಅದರ ಎರಡರಷ್ಟು 0.029, ಮೊತ್ತ 0.293. ಗುಂಡಿಲ್ಲದಾಗ ಕೊರಳು ಇದಕ್ಕಿಂತ ಎರಡು ಥೌ ಕಿರಿದಾಗಿರಬೇಕೆಂದು, ಎಂದರೆ 0.291 ಇರಬೇಕೆಂದು, ನಮ್ಮ ಅಪೇಕ್ಷೆ. ಇನ್ನೂ ಒಂದು ಲೆಕ್ಕ ಉಳಿಯಿತು. ಬಳೆಯೊಳಗೆ ಹೊಕ್ಕು ಕುಗ್ಗಿದ ಹಿತ್ತಾಳೆ ಹೊರಬಂದೊಡನೆ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ. ಆ ಪುಟಿತವನ್ನು ಸುಮಾರು ಒಂದು ಥೌ ಎಂದು ಹಿಡಿದರೆ, ಕೊಳ್ಳಬೇಕಾದ ಬಳೆ 0.290. ತಯಾರಕರು ಸಂಕ್ಷೇಪವಾಗಿ, ಸಿದ್ಧ ತೋಟಾದ ವ್ಯಾಸದಿಂದ ಒಂದೆರಡು ಥೌ ಕಳೆಯಿರಿ ಎಂದು ಹೇಳುವುದುಂಟು. ಆರಂಭಕ್ಕೆ ಅದು ಸಾಕು. ಆದರೆ ಪುಟಿತವನ್ನು ಗಣಿಸದೆ ಆ ಸೂತ್ರವನ್ನೇ ನಂಬಿದವನು, ತಾನು ಬಯಸಿದ ಹಿಡಿತದ ಅರ್ಧದಷ್ಟನ್ನೇ ಪಡೆದು, ಡೈಯನ್ನು ಶಂಕಿಸತೊಡಗುತ್ತಾನೆ.

ಅಳತೆಯ ಉಪಕರಣದ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಅಂಕೆ ಮೂಡುವ ಕ್ಯಾಲಿಪರಿನಲ್ಲಿ ಒಂದು ಥೌವಿನಷ್ಟು ವ್ಯತ್ಯಾಸ ಬರುವುದು ಅಸಹಜವಲ್ಲ. ನಾವು ನಿರ್ಣಯಿಸಹೊರಟಿರುವುದೇ ಒಂದೆರಡು ಥೌಗಳ ಸಂಗತಿಯಾಗಿರುವಾಗ, ಅಂತಹ ಸಾಧನವನ್ನು ನೆಚ್ಚುವುದು ಹೇಗೆ? ಅಂಗುಲದ ಹತ್ತುಸಾವಿರದಲ್ಲೊಂದು ಪಾಲನ್ನು ತೋರಿಸುವ ಮೈಕ್ರೋಮೀಟರು, ಗೋಡೆಯ ದಪ್ಪಕ್ಕೆ ಒಂದು ತುದಿಯಲ್ಲಿ ಗೋಳವಿರುವ ಮೈಕ್ರೋಮೀಟರು, ಇವೆರಡೂ ಡೈಗಿಂತ ಮೊದಲೇ ಮನೆಗೆ ಬರಬೇಕಾದ ವಸ್ತುಗಳೆಂದು ನನ್ನ ದೃಢವಾದ ಅಭಿಪ್ರಾಯ. ಒಂದೇ ತೋಟಾವನ್ನು ಒಂದೇ ಕಡೆ ಅಳೆದರೂ ಸಾಲದು. ಹಲವು ತೋಟಾಗಳನ್ನು, ಪ್ರತಿಯೊಂದನ್ನೂ ತಿರುಗಿಸುತ್ತ ಮೂರು ನಾಲ್ಕು ಕಡೆ ಅಳೆದಾಗ ಮಾತ್ರ ಹಿತ್ತಾಳೆಯ ನಿಜವಾದ ರೂಪ ತಿಳಿಯುತ್ತದೆ.

ಹಾಗೆ ಅಳೆದವನಿಗೆ ಬುಶಿಂಗ್ ಡೈಯ ಮುಖ್ಯವಾದ ಮಿತಿಯೊಂದು ಗೋಚರವಾಗದೆ ಇರದು. ಬಳೆ ಒತ್ತುವುದು ಹೊರಗಿನಿಂದ. ಕೊರಳಿನ ಗೋಡೆ ಒಂದು ಪಕ್ಕ 0.0150, ಎದುರು ಪಕ್ಕ 0.0140 ಇದ್ದರೆ, ಹೊರಮೈ ಶುದ್ಧ ವರ್ತುಲವಾಗುತ್ತದೆ, ನಿಜ. ಆದರೆ ಗೋಡೆಯ ಹೆಚ್ಚುಕಡಮೆಯೆಲ್ಲ ಒಳಮೈಗೆ ಸರಿದು, ಗುಂಡು ಅಕ್ಷದಿಂದ ಅರ್ಧ ಥೌ ಪಕ್ಕಕ್ಕೆ ಕೂರುತ್ತದೆ. ಈ ದೋಷಕ್ಕೆ ಎರಡು ಪರಿಹಾರಗಳು ಬಳಕೆಯಲ್ಲಿವೆ. ಮೊದಲನೆಯದು ಗೋಡೆಯನ್ನೇ ತಿದ್ದುವುದು: ಕೈಯಿಂದ ತಿರುಗಿಸುವ ಚಿಕ್ಕ ಉಪಕರಣದಲ್ಲಿ ಕೊರಳಿನ ಹೊರಮೈಯನ್ನು ಹೆರೆದು ಸುತ್ತಲೂ ಸಮದಪ್ಪವಾಗಿಸುವುದು. ಪಿಪಿಸಿ ಬಳಸುವ ಬೆಂಚ್‌ರೆಸ್ಟಿನವರು ಇದನ್ನು ಪರಾಕಾಷ್ಠೆಗೆ ಒಯ್ದಿರುವರು. ಅವರು ಚೇಂಬರಿನ ಕೊರಳನ್ನು 0.262 ಅಂಗುಲಕ್ಕೆ ಬಿಗಿಯಾಗಿ ಕೊರೆಯಿಸಿ, ಹಿತ್ತಾಳೆಯ ಗೋಡೆಯನ್ನು 0.0085ಕ್ಕೆ ಹೆರೆಯುತ್ತಾರೆ, 0.243ರ ಗುಂಡು ಕೂತ ಮೇಲೆ ಕೊರಳು 0.260 ಆಗಿ, ಚೇಂಬರಿನೊಳಗೆ ಎರಡೇ ಥೌಗಳ ತೆರವು ಉಳಿಯುತ್ತದೆ. ಎರಡನೆಯ ಪರಿಹಾರವು ಬಳೆಯ ಅನಂತರ ಒಳಗಿನಿಂದ ಒಂದು ನಯವಾದ ಉಕ್ಕಿನ ಕಡ್ಡಿಯನ್ನು, ಮ್ಯಾಂಡ್ರೆಲನ್ನು, ಇಳಿಸುವುದು. ಗುಂಡಿನ ವ್ಯಾಸಕ್ಕಿಂತ ಎರಡು ಥೌ ಕಿರಿದಾದ ಈ ಕಡ್ಡಿಯು ಒಳಮೈಯನ್ನು ವರ್ತುಲವಾಗಿಸಿ ಹೆಚ್ಚುಕಡಮೆಯನ್ನು ಹೊರಕ್ಕೆ ತಳ್ಳುತ್ತದೆ. ಹೊರಗೆ ಅದು ಯಾರಿಗೂ ಬಾಧಕವಲ್ಲ. ಮ್ಯಾಂಡ್ರೆಲನ್ನು ಬಳಸುವವನು ತನ್ನ ಬಳೆಯನ್ನು ಇನ್ನೊಂದು ಥೌ ಕಿರಿದಾಗಿ ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ಕಡ್ಡಿ ಒಳಮೈಯನ್ನು ಮುಟ್ಟದೆಯೇ ಇಳಿದುಹೋಗುತ್ತದೆ. ಹಳೆಯ ಗುಂಡಿಯೂ ಒಳಗಿನಿಂದಲೇ ಹಿಗ್ಗಿಸುತ್ತಿತ್ತಲ್ಲವೆ ಎಂದು ಕೇಳಬಹುದು. ಗುಂಡಿ ನಾಲ್ಕೈದು ಥೌಗಳನ್ನು ಎಳೆದು ಹಿಗ್ಗಿಸುತ್ತದೆ. ಕಡ್ಡಿ ಒಂದು ಥೌವನ್ನು ಒತ್ತಿ ಹಿಗ್ಗಿಸುತ್ತದೆ. ಎಳೆಯುವಾಗ ಕೊರಳಿಗೆ ಆಸರೆಯಿಲ್ಲ. ಒತ್ತುವಾಗ ಕೋಶದ ಇಡೀ ಒಡಲು ಅದಕ್ಕೆ ಆಸರೆಯಾಗುತ್ತದೆ. ವ್ಯತ್ಯಾಸವಿರುವುದು ಅಲ್ಲಿ.

ಹೊಡೆದ ಕೊರಳಿನ ವ್ಯಾಸಕ್ಕೂ ಬಳೆಯ ವ್ಯಾಸಕ್ಕೂ ನಡುವೆ ಅಂತರ ಹೆಚ್ಚಿದಷ್ಟೂ ಕೊರಳು ನೇರ ತಪ್ಪುವ ಸಂಭವ ಹೆಚ್ಚು. ಐದು ಥೌಗಳವರೆಗೆ ಒಂದೇ ಬಳೆಯಲ್ಲಿ ಇಳಿಸಬಹುದು. ಅದಕ್ಕಿಂತ ಮಿಗಿಲಾದರೆ ಮೊದಲು ದೊಡ್ಡ ಬಳೆ, ಆಮೇಲೆ ಚಿಕ್ಕದು ಎಂದು ಎರಡು ಹಂತಗಳಲ್ಲಿ ಕುಗ್ಗಿಸುವುದು ಲೇಸು. ಬಳೆಯನ್ನು ಡೈಯೊಳಗೆ ಬಿಗಿದು ಕೂರಿಸಕೂಡದು. ಮೇಲಿನ ತಿರುಪನ್ನು ಸ್ವಲ್ಪ ಸಡಿಲಿಸಿ, ಡೈಯನ್ನು ಅಲುಗಿಸಿದರೆ ಬಳೆ ಗಲಗಲ ಸದ್ದುಮಾಡುವಷ್ಟು ಎಡೆಯಿಟ್ಟರೆ, ಅದು ಕೊರಳಿನ ಸ್ಥಾನಕ್ಕೆ ತಕ್ಕಂತೆ ತಾನೇ ಸರಿದು ನಿಲ್ಲುತ್ತದೆ. ಬಳೆಯ ಬಾಯಿಯಲ್ಲಿ ಕೋಶ ಸುಲಭವಾಗಿ ಹೊಗಲೆಂದು ಇಳಿಜಾರು ಕೊಟ್ಟಿರುವುದರಿಂದ, ಕೊರಳು ಹೆಗಲನ್ನು, ಎಂದರೆ ಒಡಲು ಕೊರಳಿನತ್ತ ಇಳಿಜಾರಾಗಿ ಕಿರಿದಾಗುವ ಭಾಗವನ್ನು, ಕೂಡುವೆಡೆಯಲ್ಲಿ ಕಿರಿದಾದ ಒಂದು ಪಟ್ಟಿ ಕುಗ್ಗದೆ ಉಳಿಯುತ್ತದೆ. ಇದನ್ನು ದೋಷವೆಂದು ಗಣಿಸುವವರುಂಟು. ಕೋಶದ ಮುಂಭಾಗವನ್ನು ಚೇಂಬರಿನಲ್ಲಿ ನಡುವಿಗೆ ತರಲು ಆ ಪಟ್ಟಿ ನೆರವಾಗುತ್ತದೆಂದು ಸಮರ್ಥಿಸುವವರೂ ಉಂಟು. ಗುಂಡಿನ ತಳವು ಆ ಪಟ್ಟಿಯವರೆಗೆ ಇಳಿಯದಂತೆ ನೋಡಿಕೊಂಡರೆ ವಿವಾದಕ್ಕೆ ಎಡೆಯೇ ಇರದು.

ಹಿಡಿತ ಎಷ್ಟಿರಬೇಕು ಎಂಬ ಮೂಲಪ್ರಶ್ನೆಗೆ ಈಗ ಬರಬಹುದು. ರೂಢಿಯಲ್ಲಿ ಎರಡು ಥೌ ಹಿಡಿತ, ಮೂರು ಥೌ ಹಿಡಿತ ಎಂದು ವ್ಯಾಸಗಳ ಅಂತರದಿಂದಲೇ ಹೇಳುತ್ತಾರೆ. ವಸ್ತುತಃ ವ್ಯಾಸದ ಅಂತರ ಬೇರೆ, ಗುಂಡನ್ನು ಹಿಡಿಯುವ ಬಲ ಬೇರೆ. ಅಂತರವು ಎರಡು ಮೂರು ಥೌ ಮೀರಿತೆಂದರೆ, ಗುಂಡು ಒಳಹೊಗುವಾಗ ಹಿತ್ತಾಳೆಯು ತನ್ನ ಸ್ಥಿತಿಸ್ಥಾಪಕತ್ವದ ಮೇರೆಯನ್ನು ದಾಟಿ ಶಾಶ್ವತವಾಗಿ ಹಿಗ್ಗಿಬಿಡುತ್ತದೆ. ಅಲ್ಲಿಂದಾಚೆಗೆ ಬಳೆಯನ್ನು ಎಷ್ಟು ಕಿರಿದುಮಾಡಿದರೂ ಹಿಡಿತದ ಬಲ ಅದಕ್ಕೆ ತಕ್ಕಂತೆ ಏರುವುದಿಲ್ಲ. ಆಗ ಗುಂಡೇ ಡೈಯ ಕೆಲಸವನ್ನು ಮಾಡತೊಡಗುತ್ತದೆ, ಅದೂ ತನ್ನ ಮೃದುವಾದ ತಾಮ್ರದ ಕವಚವನ್ನು ತೇಯ್ದುಕೊಂಡು. ಒಂದೇ ಬಳೆಯಿಂದ ಹೊರಬಂದ ಎರಡು ಕೋಶಗಳಲ್ಲಿ, ಒಂದು ಹೊಸದು, ಇನ್ನೊಂದು ಹತ್ತು ಸಲ ಹೊಡೆದದ್ದಾದರೆ, ಗಡುಸಾದ ಹಳೆಯದು ಹೆಚ್ಚು ಪುಟಿಯುತ್ತದೆ. ಅದರ ವ್ಯಾಸವೂ ಬೇರೆ, ಹಿಡಿಯುವ ಬಲವೂ ಬೇರೆ. ಕೊರಳಿನ ಒಳಮೈಯಲ್ಲಿ ಮಸಿ ಉಳಿದಿದ್ದರೆ ಘರ್ಷಣೆ ಒಂದು ಬಗೆ, ಉಜ್ಜಿ ಬೆಳಗಿಸಿದ್ದರೆ ಇನ್ನೊಂದು ಬಗೆ. ಆದುದರಿಂದ ನಿಖರತೆಯನ್ನು ಅಪೇಕ್ಷಿಸುವವರು ಕೋಶದ ಕೊರಳನ್ನೂ ಹೆಗಲನ್ನೂ ನಿಯತವಾಗಿ ಕಾಯಿಸಿ ಹದಗೊಳಿಸುತ್ತಾರೆ. ಕೆಲವರಂತೂ ಪ್ರತಿಸಲ ಹೊಡೆದ ಮೇಲೂ. ಬುಡವನ್ನು ಮಾತ್ರ ಎಂದೂ ಕಾಯಿಸಕೂಡದು. ಅನಿಲದ ಒತ್ತಡವನ್ನು ತಡೆದು ಹೊಡೆಯುವವನನ್ನು ಕಾಯುವುದು ಬುಡದ ಕಾಠಿಣ್ಯವೇ. ಅಲ್ಲಿ ಮೆದುವಾದ ಕೋಶವು ಬಳಸಲು ಅರ್ಹವಲ್ಲ. ಅಮೋನಿಯಾ ಬೆರೆತ ಬೆಳಗುದ್ರಾವಣಗಳನ್ನು ಕೋಶಕ್ಕೆ ತಾಗಿಸಬಾರದೆಂಬ ನಿಯಮದ ಹಿಂದಿರುವುದೂ ಆ ಲಾಯಗಳಲ್ಲಿ ಕಲಿತ ಪಾಠವೇ.

ಈ ಸೂಕ್ಷ್ಮಗಳೆಲ್ಲ ಗುರಿಯಲ್ಲಿ ಕಾಣಿಸಿಕೊಳ್ಳುವುದು ಹೇಗೆ? ಹಿಡಿತವು ಒಂದೊಂದು ತೋಟಾದಲ್ಲಿ ಒಂದೊಂದು ಬಗೆಯಾದರೆ, ಗುಂಡು ಕೊರಳನ್ನು ಬಿಟ್ಟುಹೊರಡುವ ಕ್ಷಣವೂ ಆರಂಭದ ಒತ್ತಡವೂ ಬದಲಾಗಿ, ನಳಿಗೆಯಿಂದ ಹೊರಬೀಳುವ ವೇಗವು ಏರುಪೇರಾಗುತ್ತದೆ. ಸೆಕೆಂಡಿಗೆ 2,700 ಅಡಿ ವೇಗದಿಂದ ಹೊರಡುವ ಕ್ರೀಡ್‌ಮೂರಿನ ಗುಂಡಿನಲ್ಲಿ ಹತ್ತು ಅಡಿಗಳ ವ್ಯತ್ಯಾಸವಾದರೆ, ನೂರು ಗಜದಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಸಾವಿರ ಗಜದಲ್ಲಿಯಾದರೋ ಎರಡೂವರೆ ಮೂರು ಅಂಗುಲದಷ್ಟು ಮೇಲುಕೆಳಗಾಗುತ್ತದೆ. ಗಾಳಿಯು ಗುಂಡನ್ನು ಪಕ್ಕಕ್ಕೆ ಸರಿಸಿದರೆ ಅದು ಹೊಡೆಯುವವನ ತೀರ್ಮಾನದ ತಪ್ಪು. ಮೇಲುಕೆಳಗಿನ ಚದರಿಕೆಯಲ್ಲಿ ಬಹುಪಾಲು ಮಾತ್ರ ಅವನು ಮನೆಯಲ್ಲಿ, ಪ್ರೆಸ್ಸಿನ ಮುಂದೆ ಕೂತು ಮಾಡಿದ ಕೆಲಸದ ತಪ್ಪು. ಆದುದರಿಂದ ನೂರು ಗಜದಲ್ಲಿ ಗುಂಪು ಚಿಕ್ಕದಾಯಿತೆಂಬ ಒಂದೇ ಕಾರಣದಿಂದ ಬಳೆಯೊಂದನ್ನು ಒಪ್ಪುವುದು, ದೂರಕ್ಕೆ ಹೊಡೆಯುವವನ ಪಾಲಿಗೆ ಅಪೂರ್ಣವಾದ ಪರೀಕ್ಷೆ.

ನನ್ನ ಮತವಿದು: ಒಂದೊಂದೇ ತೋಟಾವನ್ನು ಕೈಯಿಂದ ಇಟ್ಟು ಹೊಡೆಯುವ ಬೆಂಚಿನವನಿಗೆ ಒಂದು ಥೌ ಸಾಕಾದೀತು, ಮ್ಯಾಗಜೀನಿನಲ್ಲಿ ತೋಟಾಗಳನ್ನು ತುಂಬಿ, ಮೈದಾನದಲ್ಲಿ ಓಡಾಡುತ್ತ ಬೋಲ್ಟ್ ಎಳೆದು ಹೊಡೆಯುವವನಿಗೆ ಎರಡು, ತಾನಾಗಿ ತುಂಬಿಕೊಳ್ಳುವ ರೈಫಲಿನಲ್ಲಿ ತೋಟಾವು ಚೇಂಬರಿನೊಳಕ್ಕೆ ರಭಸದಿಂದ ನುಗ್ಗುವುದರಿಂದ, ಗುಂಡು ಜರುಗದಿರಲು ಮೂರು. ಈ ಮೇರೆಗಳೊಳಗೆ, ಇನ್ನಷ್ಟು ಬಿಗಿಯೋ ಸಡಿಲವೋ ಎಂದು ಹುಡುಕುವುದಕ್ಕಿಂತ, ಆರಿಸಿದ ಹಿಡಿತವನ್ನು ಎಲ್ಲ ತೋಟಾಗಳಲ್ಲಿಯೂ ಸಮನಾಗಿಸಲು ಪಡುವ ಶ್ರಮ ನೂರ್ಮಡಿ ಫಲಪ್ರದ.

ಕೊರಳನ್ನು ಮಾತ್ರ ಕುಗ್ಗಿಸಿ ಒಡಲನ್ನು ಹಾಗೆಯೇ ಬಿಡಬೇಕೆ, ಇಲ್ಲವೆ ಇಡೀ ಕೋಶವನ್ನು ಕುಗ್ಗಿಸಬೇಕೆ ಎಂಬುದು ಇನ್ನೊಂದು ಹಳೆಯ ಜಿಜ್ಞಾಸೆ. ಒಮ್ಮೆ ಹೊಡೆದ ಕೋಶವು ಆ ಚೇಂಬರಿನ ಪಡಿಯಚ್ಚೇ ಆಗಿರುವುದರಿಂದ ಅದನ್ನು ಕೆಡಿಸದಿರುವುದೇ ಉತ್ತಮವೆಂದು ಹಿಂದಿನವರು ವಾದಿಸುತ್ತಿದ್ದರು. ವಾದವು ಕೇಳಲು ಸೊಗಸು. ಆದರೆ ನಾಲ್ಕಾರು ಸಲ ಹೊಡೆದ ಮೇಲೆ ಅಂತಹ ಕೋಶವು ಚೇಂಬರಿನಲ್ಲಿ ಬಿಗಿದು, ಬೋಲ್ಟನ್ನು ಮುಚ್ಚಲು ಬಲ ಹಾಕಬೇಕಾಗಿ ಬಂದು, ಆ ಬಲಕ್ಕೆ ರೈಫಲೇ ಆಸರೆಯ ಮೇಲಿಂದ ಕದಲುತ್ತದೆ. ಇಂದು ನುರಿತವರಲ್ಲಿ ಹೆಚ್ಚಿನವರು ಇಡೀ ಕೋಶವನ್ನು ಕುಗ್ಗಿಸುವ ಬುಶಿಂಗ್ ಡೈಯನ್ನೇ ಬಳಸುತ್ತಾರೆ. ಹೆಗಲನ್ನು ಒಂದೆರಡು ಥೌ ಮಾತ್ರ ಹಿಂದಕ್ಕೆ ತಳ್ಳುವಂತೆ ಡೈಯನ್ನು ಪ್ರೆಸ್ಸಿನಲ್ಲಿ ಹೊಂದಿಸಿಕೊಳ್ಳುತ್ತಾರೆ. ನನಗೂ ಇದೇ ಸರಿತೋರುತ್ತದೆ. ಹೆಗಲನ್ನು ಇನ್ನೂ ಹೆಚ್ಚು ತಳ್ಳಿದರೆ ಕೋಶವು ಪ್ರತಿಸಲವೂ ಉದ್ದಕ್ಕೆ ಹಿಗ್ಗಿ, ಬುಡದ ಸಮೀಪ ಗೋಡೆ ಸವೆದು, ಒಂದು ದಿನ ಅಲ್ಲಿಯೇ ತುಂಡಾಗುತ್ತದೆ. ಒಡಲನ್ನು ಕುಗ್ಗಿಸುವಾಗ ಉಣ್ಣೆಯ ಕೊಬ್ಬಿನಂತಹ ಜಿಡ್ಡನ್ನು ತೆಳ್ಳಗೆ ಹಚ್ಚುವುದು ಅವಶ್ಯ. ಮರೆತರೆ ಕೋಶವು ಡೈಯೊಳಗೆ ಕಚ್ಚಿಕೊಂಡು, ಅದನ್ನು ತೆಗೆಯುವುದೇ ಬೇರೊಂದು ಕಾಯಕವಾಗುತ್ತದೆ.

ಬಳೆಯ ವ್ಯಾಸದ ಮಾತಿನಲ್ಲಿ ಸುರಕ್ಷೆಯ ವಿಚಾರವೂ ಅಡಗಿದೆ. ಗುಂಡು ಕೂತ ಕೊರಳಿಗೂ ಚೇಂಬರಿನ ಗೋಡೆಗೂ ನಡುವೆ ಎರಡು ಥೌಗಳಾದರೂ ತೆರವು ಇರಲೇಬೇಕು. ತೆರವಿಲ್ಲದಲ್ಲಿ ಹಿತ್ತಾಳೆ ಹಿಗ್ಗಿ ಗುಂಡನ್ನು ಬಿಟ್ಟುಕೊಡಲು ಎಡೆಯಿಲ್ಲದೆ, ಒತ್ತಡವು ಅಪಾಯದ ಮಟ್ಟಕ್ಕೆ ಏರುತ್ತದೆ. ಕಿರಿದಾದ ಬಳೆಯಿಂದ ಈ ಆಪತ್ತು ಪರಿಹಾರವಾಗದು. ಗುಂಡು ಕೂತೊಡನೆ ಕೊರಳು ಮತ್ತೆ ತನ್ನ ಗೋಡೆಯ ದಪ್ಪಕ್ಕೆ ತಕ್ಕ ವ್ಯಾಸಕ್ಕೇ ಬರುತ್ತದೆ. ಕಾರ್ಖಾನೆಯ ಸಾಧಾರಣ ಚೇಂಬರುಗಳು ಸಡಿಲವಾಗಿಯೇ ಇರುವುದರಿಂದ ಅಲ್ಲಿ ಈ ಭಯ ಸ್ವಲ್ಪ. ಪಿಪಿಸಿಯಂತಹ ಬಿಗಿಗೊರಳಿನ ರೈಫಲಿನಲ್ಲಿ ಮಾತ್ರ ಹೆರೆಯದ ಕೋಶವೊಂದು ಬೆರೆತುಹೋಗದಂತೆ ಎಚ್ಚರವಹಿಸುವುದು ಅನಿವಾರ್ಯ. ಅದಕ್ಕೆಂದೇ ಅಂತಹ ನಳಿಗೆಗಳ ಮೇಲೆ ಕೊರಳಿನ ವ್ಯಾಸವನ್ನು ಕೆತ್ತಿಸುವ ಪದ್ಧತಿಯಿದೆ.

ಹೊಸಬನು ಲೆಕ್ಕಕ್ಕೆ ಬಂದ ಬಳೆಯೊಂದನ್ನೇ ಕೊಳ್ಳದೆ, ಅದಕ್ಕಿಂತ ಒಂದು ಥೌ ಹಿರಿದು, ಒಂದು ಥೌ ಕಿರಿದು ಎಂದು ಮೂರನ್ನು ಇಟ್ಟುಕೊಳ್ಳುವುದು ವಿಹಿತ. ಹಾಗೆಯೇ ಹಿತ್ತಾಳೆಯ ಹೊಸ ಪೆಟ್ಟಿಗೆಯನ್ನು ಒಡೆದಾಗಲೆಲ್ಲ, ಅದೇ ಕಾರ್ಖಾನೆಯದಾದರೂ, ಗೋಡೆಯನ್ನು ಹೊಸದಾಗಿ ಅಳೆಯಬೇಕು. ಮೇಲಣ ಉದಾಹರಣೆಯ ಕ್ರೀಡ್‌ಮೂರಿಗೆ ಈ ಸಲ ದೊರೆತ ಹಿತ್ತಾಳೆಯ ಗೋಡೆ 0.0145ರ ಬದಲು 0.0135 ಇದ್ದರೆ, ಗುಂಡು ಕೂತ ಕೊರಳಿನ ವ್ಯಾಸ 0.291ಕ್ಕೆ ಇಳಿಯುತ್ತದೆ, ಹಳೆಯ 0.290ರ ಬಳೆಯಿಂದ ಹೊರಬಂದ ಕೊರಳು ಒಂದು ಥೌ ಪುಟಿದು ತಾನೂ 0.291 ಆಗಿ, ಹಿಡಿತವೆಂಬುದೇ ಉಳಿಯದೆ, ಬೆರಳಿನಿಂದ ಒತ್ತಿದರೆ ಗುಂಡು ಮದ್ದಿನೊಳಕ್ಕೆ ಇಳಿದುಹೋಗುತ್ತದೆ. ಆ ಹಿತ್ತಾಳೆಗೆ ಬೇಕಾದುದು 0.288.